ಬೆಲ್ಟೋ, ರೋಪೋ, ಚೈನೋ? ಕ್ರೇನ್ ಕೊಕ್ಕೆಗೆ ಏನು ಕಟ್ಟಬೇಕು

ಕ್ರೇನಿನ ಕೊಕ್ಕೆಯಿಂದ ಮೇಲಿರುವುದನ್ನೆಲ್ಲ ತಯಾರಿಸಿದವರೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಕೊಕ್ಕೆಯಿಂದ ಕೆಳಗೆ ಏನು ಕಟ್ಟುತ್ತೇವೋ ಅದು ಪೂರ್ತಿ ನಮ್ಮ ಲೆಕ್ಕ. ಕೋಲಾರ ಜಿಲ್ಲೆಯ ವೇಮಗಲ್, ನರಸಾಪುರ, ಮಾಲೂರು ಕಡೆಯ ಶೆಡ್ಡುಗಳಲ್ಲಿ, ಕಲ್ಲಿನ ಯಾರ್ಡುಗಳಲ್ಲಿ ಲಿಫ್ಟಿಂಗ್ ಕೆಲಸ ಮಾಡಿಸಿಕೊಂಡು ಬಂದವನು ನಾನು. ಹೈಡ್ರಾ (ಸಾಮಾನು ಹೊತ್ತು ನಡೆಯುವ ಚಿಕ್ಕ ಕ್ರೇನು) ಬಾಡಿಗೆಗೆ ಕರೆಸುವವರು "ಎಷ್ಟು ಟನ್ನಿಂದು?" ಅಂತ ನಾಲ್ಕು ಸಲ ಕೇಳುತ್ತಾರೆ. ಅದರ ಜೊತೆ ಬರೋ ಬೆಲ್ಟು ಎಂಥದು, ಭಾರ ಬರೆದ ಟ್ಯಾಗ್ ಇದೆಯಾ, ಎಷ್ಟು ವರ್ಷದ್ದು ಅಂತ ಒಂದು ಸಲವೂ ಕೇಳುವುದಿಲ್ಲ. ನಾನು ಕಂಡ ಹಾಗೆ ಸಾಮಾನು ಬಿದ್ದ ಕಡೆಗಳಲ್ಲಿ ಹೆಚ್ಚಿನ ಸಲ ಕ್ರೇನಿಗೆ ಏನೂ ಆಗಿರಲಿಲ್ಲ. ಕಟ್ಟಿದ್ದು ತಪ್ಪಾಗಿತ್ತು.

ಅಂಗಡಿಯಲ್ಲಿ ಆಯ್ಕೆ ಮಾಡುವಾಗ ಎಲ್ಲರೂ ನೋಡುವುದು ಟನ್ನಿನ ಅಂಕಿಯನ್ನು. ಅದು ಬೇಕು, ಆದರೆ ಅದೊಂದೇ ಸಾಲದು. ಎತ್ತುವ ವಸ್ತುವಿನ ಅಂಚು ಹೇಗಿದೆ, ಮೈ ಹೇಗಿದೆ, ಬಿಸಿ ಎಷ್ಟಿದೆ, ಯಾವ ಕೋನದಲ್ಲಿ ಎಳೆಯುತ್ತೇವೆ, ಈ ನಾಲ್ಕನ್ನು ನೋಡಿದ ಮೇಲೆ ಟನ್ನಿನ ಮಾತು.

ತೂಕ ಮತ್ತು ಕೋನ

ತೂಕವನ್ನು ಅಂದಾಜಿನಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿ ಬಹಳ. "ಎರಡು ಟನ್ ಇರಬೇಕು ಬಿಡಣ್ಣ" ಅಂದುಬಿಡುತ್ತಾರೆ. ಟೇಪು ಹಿಡಿದರೆ ಎರಡು ನಿಮಿಷದ ಕೆಲಸ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 76 ಕೆಜಿ ತೂಗುತ್ತದೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ದಪ್ಪದ ಕಲ್ಲು ಅಂದರೆ 30 ಘನ ಅಡಿ, 2,280 ಕೆಜಿ. ಕಬ್ಬಿಣದ ಪ್ಲೇಟಿಗೆ ಇನ್ನೂ ಸುಲಭ: ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ. ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ 12 ಎಂಎಂ ಪ್ಲೇಟು ಹತ್ತಿರ ಹತ್ತಿರ 850 ಕೆಜಿ. ಇದಕ್ಕೆ ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ), ಚೈನು, ಬೀಮು ಇವುಗಳ ತೂಕವನ್ನೂ ಸೇರಿಸಬೇಕು. ಕೊಕ್ಕೆಗೆ ನೇತಾಡುವುದೆಲ್ಲ ಕ್ರೇನಿಗೆ ಲೋಡೇ.

ಕೋನದ ವಿಷಯ ತಲೆಗೆ ಹತ್ತದೆ ಎಷ್ಟೋ ಜನ ಅನುಭವಸ್ಥರೂ ಎಡವುತ್ತಾರೆ. ಕೊಕ್ಕೆಗೂ ಸಾಮಾನಿಗೂ ನಡುವೆ ಕಟ್ಟುವ ಬೆಲ್ಟು, ರೋಪು, ಚೈನು ಎಲ್ಲಕ್ಕೂ ಸ್ಲಿಂಗ್ ಎನ್ನುತ್ತೇವೆ. ಎರಡು ಟನ್ನಿನ ಸಾಮಾನನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುತ್ತೀರಿ ಅಂತಿಟ್ಟುಕೊಳ್ಳಿ. ಎರಡೂ ಕಾಲು ನೆಟ್ಟಗೆ ನಿಂತಿದ್ದರೆ ಒಂದೊಂದರ ಮೇಲೆ ಒಂದು ಟನ್. ನೆಲಕ್ಕೆ 60 ಡಿಗ್ರಿ ಓರೆಯಾದರೆ ಒಂದೊಂದಕ್ಕೆ 1.15 ಟನ್. 45 ಡಿಗ್ರಿಗೆ ಇಳಿದರೆ 1.41 ಟನ್. 30 ಡಿಗ್ರಿಗೆ ಬಂದರೆ ಒಂದೊಂದು ಕಾಲೂ ಎರಡೆರಡು ಟನ್ ಎಳೆಯುತ್ತಿರುತ್ತದೆ, ಪೂರ್ತಿ ಸಾಮಾನನ್ನು ಒಂದೇ ಕಾಲು ಹೊತ್ತ ಹಾಗೆ. ಸಾಮಾನಿನ ತೂಕ ಒಂದು ಕೆಜಿಯೂ ಹೆಚ್ಚಿಲ್ಲ. ಸ್ಲಿಂಗ್ ಗಿಡ್ಡವಾಯಿತು, ಅಷ್ಟೇ.

ಯಾರ್ಡಿನಲ್ಲಿ ಕೋನಮಾಪಕ ಹಿಡಿದು ಯಾರೂ ನಿಲ್ಲುವುದಿಲ್ಲ. ಅದಕ್ಕೆ ನಮ್ಮ ಹುಡುಗರಿಗೆ ಹೇಳಿಕೊಟ್ಟಿರುವ ಅಳತೆ ಇದು: ಎರಡು ಕಟ್ಟಿನ ನಡುವೆ ಎಷ್ಟು ದೂರ ಇದೆಯೋ, ಸ್ಲಿಂಗಿನ ಒಂದು ಕಾಲು ಕನಿಷ್ಠ ಅಷ್ಟು ಉದ್ದ ಇರಬೇಕು. ಮೂರೂ ಬದಿ ಸಮ ಆದರೆ 60 ಡಿಗ್ರಿ ತಾನಾಗಿ ಬರುತ್ತದೆ. ಅದಕ್ಕಿಂತ ಗಿಡ್ಡ ಇದ್ದರೆ ಬೇರೆ ಸ್ಲಿಂಗ್ ತನ್ನಿ. ಶೆಡ್ಡಿನ ಎತ್ತರ ಸಾಲದು ಎಂದರೆ ಬೀಮು ಹಾಕಿ, ಅದರ ಮಾತು ಮುಂದೆ ಬರುತ್ತದೆ. ನಾಲ್ಕು ಕಾಲಿನ ಸ್ಲಿಂಗ್ ಹಾಕಿದರೆ ತೂಕ ನಾಲ್ಕಕ್ಕೂ ಸಮ ಹಂಚುತ್ತದೆ ಎಂದು ನಂಬಬೇಡಿ. ಗಟ್ಟಿ ಸಾಮಾನು ಕುರ್ಚಿಯ ಹಾಗೆ. ಒಂದು ಕಾಲು ಯಾವಾಗಲೂ ಸ್ವಲ್ಪ ಸಡಿಲ. ಲೆಕ್ಕಕ್ಕೆ ಮೂರೇ ಕಾಲು ಹಿಡಿಯಿರಿ.

ಇನ್ನೊಂದು: ಕುಣಿಕೆ ಹಾಕಿ ಬಿಗಿಯುವ ಪದ್ಧತಿಯಲ್ಲಿ ಯಾವ ಸ್ಲಿಂಗೇ ಆಗಲಿ, ಅದರ ತಾಕತ್ತಿನಲ್ಲಿ ನೂರಕ್ಕೆ 80 ಪಾಲಷ್ಟೇ ಸಿಗುವುದು. ತೊಟ್ಟಿಲಿನ ಹಾಗೆ ಕೆಳಗಿನಿಂದ ಹಾಯಿಸಿ ಎರಡೂ ತುದಿ ಕೊಕ್ಕೆಗೆ ಹಾಕಿದರೆ, ಕಾಲು ನೆಟ್ಟಗಿದ್ದರೆ, ದುಪ್ಪಟ್ಟು. ಕುಣಿಕೆ ಬಿಗಿಯಾಗಲಿ ಎಂದು ಸುತ್ತಿಗೆಯಲ್ಲಿ ಬಡಿದು ಕೂರಿಸುವುದು ನಮ್ಮ ಕಡೆ ಮಾಮೂಲಿ. ಹಾಗೆ ಬಡಿದರೆ ಬಾಗಿನ ಜಾಗದಲ್ಲಿ ಸ್ಲಿಂಗಿಗೇ ಪೆಟ್ಟು.

ಬೆಲ್ಟು

ಅಗ್ಗ, ಹಗುರ, ಕೈಗೆ ಮೆತ್ತಗೆ, ಸಾಮಾನಿನ ಮೈಗೆ ಗೀರು ಬೀಳುವುದಿಲ್ಲ. ಪಾಲಿಶ್ ಮಾಡಿದ ಮೇಲ್ಮೈ, ಪೇಂಟ್ ಹೊಡೆದ ಮೆಷಿನ್, ಮಷಿನಿಂಗ್ ಮುಗಿದ ಶಾಫ್ಟು, ಇವಕ್ಕೆ ಬೆಲ್ಟೇ ಸರಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಲೋಡ್ ಮಾಡುವುದನ್ನು ಒಮ್ಮೆ ನಿಂತು ನೋಡಿ. ತಿಂಗಳುಗಟ್ಟಲೆ ಕೆತ್ತಿದ ವಿಗ್ರಹ. ಕಿರೀಟದ ತುದಿ, ಕೈಬೆರಳು, ಪ್ರಭಾವಳಿ ಯಾವುದಕ್ಕೂ ಭಾರ ತಾಗಬಾರದು. ನಾನು ನೋಡಿದ ದಿನ ಮೊದಲು ಒದ್ದೆ ಗೋಣಿಚೀಲ ಸುತ್ತಿದರು, ಮೇಲೆ ಹಳೇ ಟ್ಯೂಬಿನ ರಬ್ಬರು, ಆಮೇಲೆ ಬೆಲ್ಟು. ಎರಡು ಬೆಲ್ಟನ್ನು ಪೀಠದ ಕೆಳಗಿನಿಂದ ತೊಟ್ಟಿಲಂತೆ ಹಾಯಿಸಿ, ಎದೆಯ ಎತ್ತರದಲ್ಲಿ ಇನ್ನೊಂದು ಹಗ್ಗದಿಂದ ಬೆಲ್ಟುಗಳನ್ನು ಒಟ್ಟಿಗೆ ಹಿಡಿದು ಕಟ್ಟಿದರು, ವಿಗ್ರಹ ತಲೆ ಭಾರವಾಗಿ ಮುಗ್ಗರಿಸದಿರಲಿ ಎಂದು. ಹೈಡ್ರಾ ಒಂದು ಗೇಣು ಎತ್ತಿತು, ನಿಂತಿತು. ಹಿರಿಯ ಶಿಲ್ಪಿ ಬಗ್ಗಿ ಪೀಠದ ನಾಲ್ಕು ಮೂಲೆ ನೋಡಿ, ಕೈಯಿಂದ ಬೆಲ್ಟು ತಟ್ಟಿ, "ಹೂಂ, ಎತ್ತಪ್ಪ" ಅಂದರು. ಆ ಕೆಲಸಕ್ಕೆ ವೈರ್ ರೋಪ್ ಹಾಕಿದ್ದರೆ ಪೀಠದ ಅಂಚು ಅಲ್ಲೇ ಸಿಡಿಯುತ್ತಿತ್ತು.

ಬೆಲ್ಟಿನ ಬಣ್ಣವೇ ಅದರ ಭಾಷೆ. ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು, ಬೂದು ನಾಲ್ಕು, ಕೆಂಪು ಐದು, ಕಂದು ಆರು, ನೀಲಿ ಎಂಟು, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಕಿತ್ತಳೆ. ಆದರೆ ಬಣ್ಣ ನೋಡಿಯೇ ನಂಬಬೇಡಿ, ಟ್ಯಾಗ್ ಓದಿ. ಟ್ಯಾಗ್ ಹರಿದು ಹೋಗಿದ್ದರೆ ಆ ಬೆಲ್ಟು ಎಷ್ಟೇ ಹೊಸದಾಗಿ ಕಾಣಲಿ, ಎತ್ತುವ ಕೆಲಸಕ್ಕೆ ಇಲ್ಲ. ಲಾರಿಯಲ್ಲಿ ಸಾಮಾನು ಬಿಗಿಯುವ ರ‍್ಯಾಚೆಟ್ ಬೆಲ್ಟು ನೋಡಲು ಹೀಗೇ ಇರುತ್ತದೆ, ಅದು ಎತ್ತುವುದಕ್ಕಲ್ಲ.

ಬೆಲ್ಟಿನ ಶತ್ರು ಅಂಚು. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಮಾಲೂರು ಹತ್ತಿರದ ಒಂದು ಶೆಡ್ಡಿನಲ್ಲಿ ಎರಡೂವರೆ ಟನ್ನಿನ ಮೆಷಿನ್ ಬೆಡ್ಡು ಎತ್ತುತ್ತಿದ್ದೆವು. ಮೂರು ಟನ್ನಿನ ಹಳದಿ ಬೆಲ್ಟು ಎರಡು, ಎರಡೂ ಹೊಸವು, ಟ್ಯಾಗ್ ಇತ್ತು, ಕೋನ ಸರಿಯಿತ್ತು. ತೂಕದ ಲೆಕ್ಕದಲ್ಲಿ ಬೇಕಾದ್ದಕ್ಕಿಂತ ದುಪ್ಪಟ್ಟು ಇತ್ತು. ಬೆಡ್ಡಿನ ಕೆಳಗಿನ ಅಂಚು ಮಷಿನಿಂಗ್ ಆಗಿ ಚಾಕುವಿನ ಬಾಯಿಯ ಹಾಗಿದ್ದದ್ದನ್ನು ನಾನು ಕೈ ಹಾಕಿ ನೋಡಲಿಲ್ಲ. ಅಡಿ ಎತ್ತರಕ್ಕೆ ಎತ್ತಿ ನಿಲ್ಲಿಸಿದ್ದೆವು. ಬೆಡ್ಡು ಒಂದು ಬೆರಳಿನಷ್ಟು ಜಾರಿತು, ಅಷ್ಟೇ. ಗೋಣಿ ಹರಿದಂಥ ಸದ್ದು, ಮರುಕ್ಷಣ ಒಂದು ಮೂಲೆ ನೆಲದಲ್ಲಿತ್ತು. ಕಾಂಕ್ರೀಟು ಅಂಗೈ ಅಗಲ ಎದ್ದುಬಂತು. ಎಲ್ಲರೂ ದೂರ ನಿಂತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಬೆಲ್ಟಿನ ತುಂಡು ಇವತ್ತಿಗೂ ನನ್ನ ಟೂಲ್ ಬಾಕ್ಸಿನಲ್ಲಿದೆ. ಭಾರಕ್ಕೆ ಹರಿದ ಬೆಲ್ಟಿನ ತುದಿ ಜೋಳದ ಕೂದಲಿನ ಹಾಗೆ ಕೆದರಿರುತ್ತದೆ. ಇದು ಹಾಗಿಲ್ಲ, ಬ್ಲೇಡಿನಲ್ಲಿ ಕುಯ್ದ ಹಾಗೆ ನೇರವಾಗಿದೆ. ಬೆಲ್ಟಿನ ಮುರಿಯುವ ಭಾರ ಅದರ ಟ್ಯಾಗಿನ ಅಂಕಿಗಿಂತ ಏಳು ಪಟ್ಟು ಇರುವಂತೆ ಮಾಡಿರುತ್ತಾರೆ. ಅಂಚಿನ ಮುಂದೆ ಆ ಏಳು ಪಟ್ಟೂ ಉಳಿಯಲಿಲ್ಲ. ಈಗ ಅಂಚಿನ ಮೇಲೆ ಬೆರಳು ಓಡಿಸಿ ನೋಡದೆ ನಾನು ಬೆಲ್ಟು ಹಾಕಿಸುವುದಿಲ್ಲ. ಮೂಲೆಗೆ ದಪ್ಪ ರಬ್ಬರೋ ಅರ್ಧ ಸೀಳಿದ ಪೈಪಿನ ತುಂಡೋ ಇರಲೇಬೇಕು.

ಅಂಚು ಬಿಟ್ಟರೆ ಬಿಸಿ. ಪಾಲಿಯೆಸ್ಟರ್ ಬೆಲ್ಟು 100 ಡಿಗ್ರಿ ಸೆಲ್ಸಿಯಸ್ ಮೇಲೆ ಆಗದು. ವೆಲ್ಡಿಂಗ್ ಮಾಡಿದ ಜಾಯಿಂಟ್ ಆರುವ ಮುಂಚೆ ಬೆಲ್ಟು ಸುತ್ತುವುದನ್ನು ದಿನಾ ನೋಡುತ್ತೇನೆ. ಬಿಸಿಲಿಗೂ ಅದು ಸೊರಗುತ್ತದೆ. ಬಯಲಿನ ಯಾರ್ಡಿನಲ್ಲಿ ವರ್ಷಗಟ್ಟಲೆ ಬಿದ್ದ ಬೆಲ್ಟು ಬಣ್ಣ ಮಾಸಿ, ಮುಟ್ಟಿದರೆ ಬಿರುಸಾಗಿರುತ್ತದೆ, ಅದನ್ನು ತೆಗೆದಿಡಿ. ಪಾಲಿಯೆಸ್ಟರ್ ಆಸಿಡ್ಡಿಗೆ ಸಾಕಷ್ಟು ತಡೆಯುತ್ತದೆ, ಕಾಸ್ಟಿಕ್‌ನಂಥ ಕ್ಷಾರಕ್ಕೆ ತಡೆಯುವುದಿಲ್ಲ. ನೈಲಾನ್ ಇದಕ್ಕೆ ತದ್ವಿರುದ್ಧ. ಟ್ಯಾಗಿನ ಬಣ್ಣವೇ ಹೇಳುತ್ತದೆ: ನೀಲಿ ಟ್ಯಾಗ್ ಪಾಲಿಯೆಸ್ಟರ್, ಹಸಿರು ಟ್ಯಾಗ್ ನೈಲಾನ್. ಮತ್ತೆ, ಉದ್ದ ಹೆಚ್ಚಾಯಿತೆಂದು ಬೆಲ್ಟಿಗೆ ಗಂಟು ಹಾಕಬೇಡಿ. ಎರಡು ಬೆಲ್ಟು ಸೇರಿಸಬೇಕಾದರೆ ಒಂದಕ್ಕೊಂದು ಗಂಟಲ್ಲ, ನಡುವೆ ಶ್ಯಾಕಲ್.

ಚಪ್ಪಟೆ ಬೆಲ್ಟಿಗೂ ದುಂಡು ಸ್ಲಿಂಗಿಗೂ ನಡುವೆ ಕೇಳಿದರೆ: ದುಂಡಿನದು ಕುಣಿಕೆ ಹಾಕಲು ಚೆನ್ನ, ಪೈಪು ಶಾಫ್ಟಿಗೆ ಅಪ್ಪಿಕೊಳ್ಳುತ್ತದೆ. ಆದರೆ ಅದರ ಭಾರ ಹೊರುವ ನೂಲು ಒಳಗಿದೆ, ಹೊರಗಿನ ಬಟ್ಟೆ ಬರೀ ಹೊದಿಕೆ. ಹೊದಿಕೆ ಹರಿದು ಒಳನೂಲು ಇಣುಕಿದರೆ ಆ ಸ್ಲಿಂಗಿನ ಆಯಸ್ಸು ಮುಗಿಯಿತು.

ವೈರ್ ರೋಪ್

ಗ್ರಾನೈಟ್ ಕ್ವಾರಿ, ಬ್ಲಾಕ್ ಯಾರ್ಡು, ಸ್ಟ್ರಕ್ಚರ್ ನಿಲ್ಲಿಸುವ ಕೆಲಸ, ಇಲ್ಲೆಲ್ಲ ರೋಪೇ ದೊರೆ. ಒರಟು ಮೈಗೆ ಬೆಲ್ಟಿಗಿಂತ ತಡೆಯುತ್ತದೆ, ಚೈನಿಗಿಂತ ಹಗುರ, ಬೆಲೆಯೂ ನಡುವಿನದು. 16 ಎಂಎಂ ರೋಪಿನ ಒಂಟಿ ಸ್ಲಿಂಗ್ ನೆಟ್ಟಗೆ ಎತ್ತಿದರೆ ಸುಮಾರು 2.7 ಟನ್. ಆದರೆ ಚೂಪು ಅಂಚು ರೋಪಿಗೂ ಕೆಟ್ಟದ್ದೇ. ಕಡಿಯುವ ಮೊದಲು ಮುರಿದು ಬಾಗುತ್ತದೆ, ಆ ಬಾಗು ಮತ್ತೆ ನೆಟ್ಟಗಾಗುವುದಿಲ್ಲ. ಕಲ್ಲಿನ ಮೂಲೆಗೆ ಹಳೇ ಟಯರಿನ ತುಂಡು ಇಡುವ ನಮ್ಮ ಕ್ವಾರಿ ಪದ್ಧತಿ ಬಹಳ ಒಳ್ಳೆಯದು. ಆ ತುಂಡು ಸವೆದು ತಂತಿ ಕಾಣುವವರೆಗೂ ಬಳಸುವುದು ಒಳ್ಳೆಯದಲ್ಲ.

ರೋಪು ನೋಡುವುದನ್ನು ನನಗೆ ಹೇಳಿಕೊಟ್ಟವರು ನಮ್ಮ ದೊಡ್ಡಪ್ಪ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲೇ ಇದ್ದವರು. ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಗಣಿ. ಕೆಳಗಿಳಿಯುವ ಪ್ರತಿಯೊಬ್ಬನ ಜೀವವೂ ರೋಪಿನ ಮೇಲೆ. ಅವರು ರೋಪನ್ನು ಬರಿಗೈಯಲ್ಲಿ ಸವರುತ್ತಿರಲಿಲ್ಲ. ಹತ್ತಿಬಟ್ಟೆ ಹಿಡಿದು ಉದ್ದಕ್ಕೂ ಮೆಲ್ಲಗೆ ಎಳೆಯುತ್ತಿದ್ದರು. ಎಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಮುರಿದಿದೆ ಎಂದು ಲೆಕ್ಕ. "ರೋಪಿಗೆ ಬಾಯಾರಿಕೆ ಆಗಿದೆ ಕಣೋ" ಅನ್ನೋರು, ಎಣ್ಣೆ ಒಣಗಿ ಕೆಂಪು ಪುಡಿ ಉದುರುತ್ತಿದ್ದರೆ. ಆ ಕೆಂಪು ಪುಡಿ ಒಳಗಿನ ತುಕ್ಕು. ಹೊರಗೆ ಗ್ರೀಸು ಮೆತ್ತಿದರೆ ಹೋಗುವಂಥದ್ದಲ್ಲ.

ಎಷ್ಟು ತಂತಿ ಮುರಿದರೆ ತೆಗೆಯಬೇಕು? ರೋಪಿನ ಒಂದು ಎಳೆ (ಹಲವು ತಂತಿ ಸೇರಿಸಿ ಹೊಸೆದದ್ದು) ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ, ಅಂದರೆ ರೋಪಿನ ದಪ್ಪದ ಆರೇಳು ಪಟ್ಟು ಉದ್ದದಲ್ಲಿ, ಅಲ್ಲಲ್ಲಿ ಹತ್ತು ತಂತಿ ಮುರಿದಿದ್ದರೆ, ಇಲ್ಲವೇ ಒಂದೇ ಎಳೆಯಲ್ಲಿ ಐದು ಮುರಿದಿದ್ದರೆ ರೋಪು ತೆಗೆಯುವುದೇ. ಪಂಜರದ ಹಾಗೆ ಎಳೆ ಬಿಚ್ಚಿಕೊಂಡಿದ್ದರೂ, ಸೊಟ್ಟ ಮುರಿದಿದ್ದರೂ, ವೆಲ್ಡಿಂಗ್ ಕಿಡಿ ಹತ್ತಿದ್ದರೂ ಎಣಿಸುವ ಅಗತ್ಯವೇ ಇಲ್ಲ. ಇನ್ನು, ರೋಪಿನ ತುದಿ ಮಡಚಿ ಯು ಕ್ಲ್ಯಾಂಪು ಹಾಕಿ ಮನೆಯಲ್ಲೇ ಮಾಡಿದ ಸ್ಲಿಂಗುಗಳು ನಮ್ಮ ಕಡೆ ಬಹಳ. ಪ್ರೆಸ್ ಮಾಡಿದ ಫೆರೂಲ್ (ರೋಪಿನ ತುದಿ ಹಿಡಿಯುವ ಲೋಹದ ಬಳೆ) ಇರುವ, ಟ್ಯಾಗ್ ಹೊಡೆದ ಸ್ಲಿಂಗ್ ಸಿಗುವಾಗ ಅದನ್ನು ಬಳಸಲು ನನಗೆ ಯಾವ ಕಾರಣವೂ ಕಾಣದು. ಕ್ಲ್ಯಾಂಪು ಜಾರುವುದು ಹೊರಗೆ ಗೊತ್ತಾಗುವುದೇ ಇಲ್ಲ.

ಚೈನು

ಬೆಲೆ ಜಾಸ್ತಿ, ಭಾರ ಜಾಸ್ತಿ. 10 ಎಂಎಂ ಚೈನು ಮೀಟರಿಗೆ ಎರಡು ಕೆಜಿಗೂ ಮೇಲೆ. ಆದರೆ ಫೌಂಡ್ರಿ, ಫೋರ್ಜಿಂಗ್, ಡೈ ಎತ್ತುವ ಕೆಲಸ, ಒರಟು ಕಾಸ್ಟಿಂಗು ಇಲ್ಲಿ ಅದಕ್ಕೆ ಸಾಟಿ ಇಲ್ಲ. ಎತ್ತುವ ಚೈನು ಉಕ್ಕಿನ ಬಲದ ದರ್ಜೆಯಲ್ಲಿ ಕನಿಷ್ಠ ಗ್ರೇಡ್ 80 ಇರಬೇಕು. ಕೊಂಡಿಯ ಮೇಲೆ 8 ಅಥವಾ 80 ಎಂದು ಒತ್ತಿರುತ್ತದೆ. ಗ್ರೇಡ್ 80ರಲ್ಲಿ 8 ಎಂಎಂ ಚೈನಿಗೆ 2 ಟನ್, 10 ಎಂಎಂಗೆ 3.15, 13 ಎಂಎಂಗೆ 5.3 ಟನ್. 200 ಡಿಗ್ರಿ ತನಕ ಪೂರ್ತಿ ಭಾರ ಹೊರುತ್ತದೆ, 300ರ ತನಕ ಹತ್ತನೇ ಒಂದು ಪಾಲು ಕಡಿಮೆ ಮಾಡಬೇಕು, 400ರ ತನಕ ಕಾಲು ಪಾಲು. ಅದರಾಚೆ ಬೇಡವೇ ಬೇಡ. ಟ್ರ್ಯಾಕ್ಟರಿನ ಚೈನು, ಲಾರಿ ಎಳೆಯುವ ಚೈನು, ಗೇಟಿನ ಚೈನು ನೋಡಲು ಎಷ್ಟು ದಪ್ಪವಿದ್ದರೂ ಎತ್ತಲು ಬಾರದು.

ಕಾಲಿನ ಉದ್ದ ಕೊಂಡಿ ಕೊಂಡಿಗೆ ಹೊಂದಿಸಬಹುದಾದದ್ದು ಚೈನಿನ ದೊಡ್ಡ ಅನುಕೂಲ, ಆದರೆ ಅದಕ್ಕೆಂದೇ ಇರುವ ಗಿಡ್ಡ ಮಾಡುವ ಕೊಕ್ಕೆಯಿಂದ ಮಾತ್ರ. ಗಂಟು ಹಾಕಿ, ಬೋಲ್ಟು ತೂರಿಸಿ ಗಿಡ್ಡ ಮಾಡಿದರೆ ಕೊಂಡಿ ಅಡ್ಡಕ್ಕೆ ಬಾಗುತ್ತದೆ. ಕೊಂಡಿ ಹತ್ತನೇ ಒಂದು ಪಾಲು ಸವೆದರೆ, ಚೈನು ನೂರಕ್ಕೆ ಐದು ಪಾಲು ಉದ್ದವಾದರೆ ಬದಲಿಸಿ. ತುಕ್ಕು ಹಿಡಿದಿದೆ ಎಂದು ಗ್ಯಾಲ್ವನೈಸಿಂಗಿಗೆ ಕಳಿಸುವ ಯೋಚನೆ ಕೆಲವರಿಗೆ ಬರುತ್ತದೆ, ದಯವಿಟ್ಟು ಬೇಡ. ಆಸಿಡ್ ತೊಟ್ಟಿಯಲ್ಲಿ ಅದ್ದಿದ ಗ್ರೇಡ್ 80 ಚೈನು ಒಳಗೊಳಗೇ ಪೆಡಸಾಗಿ, ಗಾಜಿನ ಹಾಗೆ ಹಠಾತ್ತನೆ ಒಡೆಯಬಹುದು.

ಹಾಗಾದರೆ ಯಾವುದು ಕೊಳ್ಳಲಿ ಎಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ಡಿನವರು ಕೇಳಿದರೆ ನನ್ನ ಮಾತು ಇದು: ಎರಡು ಕಾಲಿನ ಗ್ರೇಡ್ 80 ಚೈನು ಒಂದು ಸೆಟ್, ಮೂರು ಟನ್ನಿನ ಬೆಲ್ಟು ಎರಡು, ಅಂಚಿಗೆ ಹಾಕುವ ರಬ್ಬರು ನಾಲ್ಕು. ರೋಪು ಬಾಡಿಗೆ ಕ್ರೇನಿನವರ ಹತ್ತಿರ ಇರುತ್ತದೆ, ನೋಡಿ ಬಳಸಿ. ಕಲ್ಲಿನ ಯಾರ್ಡಾದರೆ ಚೈನು ಬಿಟ್ಟು ರೋಪು ಮತ್ತು ಬೆಲ್ಟು.

ಶ್ಯಾಕಲ್, ಐ ಬೋಲ್ಟ್

ಒಂದೇ ಸ್ಲಿಂಗ್ ನೇರ ಎಳೆಯುವ ಕಡೆ ಡಿ ಶ್ಯಾಕಲ್ ಸಾಕು. ಎರಡು ಕಾಲು ಸೇರುವ ಕಡೆ ಅಗಲ ಹೊಟ್ಟೆಯ ಬೋ ಶ್ಯಾಕಲ್ ಬೇಕು. ಅಡ್ಡಕ್ಕೆ 90 ಡಿಗ್ರಿಯಲ್ಲಿ ಎಳೆದರೆ ಶ್ಯಾಕಲ್ಲಿನ ಬಲ ಅರ್ಧಕ್ಕೆ ಇಳಿಯುತ್ತದೆ. ಪಿನ್ನು ಕಳೆದುಹೋದರೆ ಬೋಲ್ಟು ಹಾಕುವ ಅಭ್ಯಾಸ ಎಲ್ಲ ಶೆಡ್ಡಿನಲ್ಲೂ ಇದೆ. ಆ ಬೋಲ್ಟು ಬಾಗುವುದನ್ನು ನಾನು ನೋಡಿದ್ದೇನೆ. ತುಂಬಾ ಹೊತ್ತು ನೇತು ಬಿಡುವ ಲೋಡಿಗೆ ನಟ್ಟು, ಸ್ಪ್ಲಿಟ್ ಪಿನ್ನು ಇರುವ ಶ್ಯಾಕಲ್ ಹಾಕಿ.

ಮೋಟರಿನ ತಲೆಯ ಐ ಬೋಲ್ಟ್ (ಮೇಲೆ ಉಂಗುರವಿರುವ ಬೋಲ್ಟು) ನೆಟ್ಟಗೆ ಎತ್ತಲು ಮಾಡಿದ್ದು. ಎಂ16 ಐ ಬೋಲ್ಟ್ ನೆಟ್ಟಗೆ 700 ಕೆಜಿ, 45 ಡಿಗ್ರಿ ಓರೆಯಲ್ಲಿ 500 ಕೆಜಿ, ಅದೂ ಅದರ ಭುಜ ಪೂರ್ತಿ ಕೂತಿದ್ದರೆ. ಒಂದು ಸುತ್ತು ಸಡಿಲವಿದ್ದರೂ ಆ ಲೆಕ್ಕ ಕೆಟ್ಟಿತು. ಓರೆ ಎಳೆಯುವುದೇ ಇದ್ದರೆ ತಿರುಗುವ ಲಿಫ್ಟಿಂಗ್ ಪಾಯಿಂಟ್ ತನ್ನಿ.

ಹಿಡಿಯುವ ಸಾಧನಗಳು: ಕ್ಲ್ಯಾಂಪು, ಮ್ಯಾಗ್ನೆಟ್, ವ್ಯಾಕ್ಯೂಮ್

ಪ್ಲೇಟ್ ಕ್ಲ್ಯಾಂಪು ಒಂದು ಸಲಕ್ಕೆ ಒಂದೇ ಪ್ಲೇಟು. ಎರಡು ಸೇರಿಸಿ ಕಚ್ಚಿಸಿದರೆ ಒಂದರ ಮೇಲೊಂದು ಜಾರುತ್ತವೆ. ನಿಲ್ಲಿಸಿ ಎತ್ತುವ ಕ್ಲ್ಯಾಂಪು ಬೇರೆ, ಮಲಗಿಸಿ ಎತ್ತುವುದು ಬೇರೆ. ಹಗುರ ಪ್ಲೇಟಿಗೆ ದೊಡ್ಡ ಕ್ಲ್ಯಾಂಪು ಹಾಕಿದರೆ ಸುರಕ್ಷಿತ ಎಂದುಕೊಳ್ಳುತ್ತಾರೆ. ಅದು ಕಚ್ಚುವುದೇ ಲೋಡಿನ ಭಾರದಿಂದ. ಭಾರ ತೀರಾ ಕಡಿಮೆಯಾದರೆ ಹಲ್ಲು ಹಿಡಿಯುವುದೇ ಇಲ್ಲ.

ಮ್ಯಾಗ್ನೆಟ್ ಮೇಲೆ ಒಂದು ಟನ್ ಎಂದು ಬರೆದಿದ್ದರೆ ಅದು ದಪ್ಪಗೆ, ಸಮತಟ್ಟಾಗಿ, ಶುಚಿಯಾಗಿರುವ ಮೈಲ್ಡ್ ಸ್ಟೀಲಿಗೆ. ಪೇಂಟು, ತುಕ್ಕು, ಧೂಳು, ಮ್ಯಾಗ್ನೆಟ್ಟಿಗೂ ಪ್ಲೇಟಿಗೂ ನಡುವೆ ಕೂದಲಿನಷ್ಟು ಸಂದು, ಎಲ್ಲವೂ ಹಿಡಿತ ತಿನ್ನುತ್ತವೆ. ದುಂಡು ಬಾರಿಗೆ ಹಿಡಿತ ಅರ್ಧಕ್ಕೂ ಕಡಿಮೆ. ತೆಳು ಪ್ಲೇಟು ಬಾಗಿ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. 304 ಸ್ಟೇನ್‌ಲೆಸ್ಸಿಗೆ ಅಂಟುವುದೇ ಇಲ್ಲ.

ಪಾಲಿಶ್ ಮಾಡಿದ ಗ್ರಾನೈಟ್ ಸ್ಲ್ಯಾಬಿಗೆ ವ್ಯಾಕ್ಯೂಮ್ ಲಿಫ್ಟರ್ ಚೆನ್ನ, ಒಂದು ಗೀರೂ ಬೀಳದು. ಆದರೆ ಕಟಿಂಗ್ ಮಾಡಿದ ಪುಡಿ ಒರೆಸದೆ ಇಟ್ಟರೆ ಗಾಳಿ ಸೋರುತ್ತದೆ. ಕರೆಂಟು ಹೋದರೂ ಹಿಡಿತ ಉಳಿಸಿಕೊಳ್ಳುವ ಟ್ಯಾಂಕು, ಒತ್ತಡ ಇಳಿದರೆ ಕೂಗುವ ಅಲಾರಂ ಇಲ್ಲದ್ದನ್ನು ಕೊಳ್ಳಬೇಡಿ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಒರಟು ಕಲ್ಲಿಗೆ ರಬ್ಬರ್ ಹಚ್ಚಿದ ಕತ್ತರಿ ಕ್ಲ್ಯಾಂಪೇ ವಾಸಿ. ಈ ಮೂರೂ ಸಾಧನಗಳು ಮುನ್ಸೂಚನೆ ಕೊಡದೆ ಬಿಟ್ಟುಬಿಡುತ್ತವೆ. ಹಾಗಾಗಿ ಮಂಡಿ ಎತ್ತರ ದಾಟಿಸಬೇಡಿ, ಜನರಿರುವ ದಾರಿಯ ಮೇಲೆ ಹಾಯಿಸಬೇಡಿ.

ಬೀಮು

ಉದ್ದ ಪೈಪು, ಟ್ರಸ್ಸು, ತೆಳ್ಳಗಿನ ಸ್ಲ್ಯಾಬು ಇವನ್ನು ನಡುವೆ ಹಿಡಿದು ಎತ್ತಿದರೆ ಬಾಗುತ್ತವೆ. ಮೇಲೆ ಎರಡು ಸ್ಲಿಂಗು, ಕೆಳಗೆ ಎರಡು ನೆಟ್ಟ ಸ್ಲಿಂಗು ಇರುವ ಸ್ಪ್ರೆಡರ್ ಬೀಮು ಹಗುರ, ಆದರೆ ಎತ್ತರ ಬೇಡುತ್ತದೆ. ನಡುವೆ ಒಂದೇ ಕಣ್ಣಿರುವ ಲಿಫ್ಟಿಂಗ್ ಬೀಮು ಎತ್ತರ ಕಡಿಮೆ ಇರುವ ಶೆಡ್ಡಿಗೆ ಒದಗುತ್ತದೆ, ಆದರೆ ಆ ಬೀಮಿನ ತೂಕವೇ ಜಾಸ್ತಿ. ಯಾರ್ಡಿನಲ್ಲಿ ಬಿದ್ದ ಐ ಸೆಕ್ಷನ್ನಿಗೆ ನಾಲ್ಕು ಹುಕ್ ವೆಲ್ಡ್ ಮಾಡಿ ಬೀಮು ಮಾಡಿಕೊಳ್ಳುವವರು ಲೆಕ್ಕ ಹಾಕಿಸಿ, ಲೋಡ್ ಟೆಸ್ಟ್ ಮಾಡಿಸಿ, ಭಾರ ಬರೆದು ಆಮೇಲೆ ಬಳಸಬೇಕು. ಜೆಸಿಬಿ ಬಕೆಟಿನ ಹಲ್ಲಿಗೆ, ಫೋರ್ಕ್‌ಲಿಫ್ಟಿನ ಕಾಲಿಗೆ ಬೆಲ್ಟು ತಗಲಿಸಿ ಎತ್ತುವುದು ಯಾವ ಲೆಕ್ಕಕ್ಕೂ ಸಿಗದ ಕೆಲಸ. ಹಲ್ಲಿನಿಂದ ಬೆಲ್ಟು ಜಾರಲು ಒಂದು ಜರ್ಕು ಸಾಕು.

ಎತ್ತುವ ಹೊತ್ತಿನಲ್ಲಿ

ಕೊಕ್ಕೆ ಸಾಮಾನಿನ ಭಾರಕೇಂದ್ರದ ನೆತ್ತಿಗೆ ಬರಬೇಕು. ಒಂದು ಗೇಣು ಎತ್ತಿ ನಿಲ್ಲಿಸಿ, ವಾಲಿದರೆ ಇಳಿಸಿ ಮತ್ತೆ ಕಟ್ಟಿ. ಬೆಲ್ಟು ಹರಿದ ಆ ಶೆಡ್ಡಿನಲ್ಲಿ ನಮ್ಮನ್ನು ಉಳಿಸಿದ್ದು ಈ ಅಭ್ಯಾಸವೇ. ಕೊಕ್ಕೆಯ ತುದಿಯಲ್ಲಿ ಸ್ಲಿಂಗ್ ನಿಲ್ಲಬಾರದು, ಹೊಟ್ಟೆಗೆ ಕೂರಬೇಕು, ಲ್ಯಾಚು ಮುಚ್ಚಿರಬೇಕು. ಹೈಡ್ರಾ ಲೋಡ್ ಹೊತ್ತು ನಡೆಯುವಾಗ ಸಾಮಾನು ನೆಲಕ್ಕೆ ಹತ್ತಿರವಿರಲಿ. ಅಲುಗಾಡದಂತೆ ಹಿಡಿಯುವವನು ಕೈಯಿಂದಲ್ಲ, ಉದ್ದ ಹಗ್ಗದಿಂದ, ಪಕ್ಕಕ್ಕೆ ನಿಂತು ಹಿಡಿಯಲಿ. ಹೈಡ್ರಾ ಮುಂದೆ ಹಿಮ್ಮುಖ ನಡೆಯುತ್ತಾ ಸಾಮಾನು ಹಿಡಿದುಕೊಂಡು ಹೋಗುವ ಹುಡುಗರನ್ನು ಕಂಡರೆ ನಿಲ್ಲಿಸಿ ಹೇಳಿ, ಅವರು ನಿಮ್ಮ ಕೆಲಸದವರಲ್ಲದಿದ್ದರೂ. ಸಿಗ್ನಲ್ ಕೊಡುವವನು ಒಬ್ಬನೇ. "ನಿಲ್ಲಿಸು" ಅನ್ನುವ ಹಕ್ಕು ಮಾತ್ರ ಎಲ್ಲರಿಗೂ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ಬರೆದಿದ್ದದ್ದು ಇಷ್ಟು: ಎತ್ತುವ ಯಂತ್ರ, ಚೈನು, ರೋಪು, ಟ್ಯಾಕಲ್ ಎಲ್ಲವನ್ನೂ 12 ತಿಂಗಳಿಗೆ ಒಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು, ರಿಜಿಸ್ಟರ್ ಇಡಬೇಕು, ಹೊರಬಹುದಾದ ಭಾರವನ್ನು ಅದರ ಮೇಲೆ ಕಾಣುವಂತೆ ಬರೆದಿರಬೇಕು. ಹಳಿಯ ಮೇಲೆ ಓಡುವ ಕ್ರೇನಿನ ದಾರಿಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನು ಅವರಿಗೆ ಆರು ಮೀಟರಿಗಿಂತ ಹತ್ತಿರ ಬರಬಾರದು ಎಂದೂ ಅದರಲ್ಲಿತ್ತು. ವರ್ಷದ ಪರೀಕ್ಷೆ ಅದರ ಪಾಡಿಗೆ ಇರಲಿ. ಬೆಲ್ಟು ಹಾಳಾಗಲು ಒಂದು ಅಂಚು, ಒಂದು ಕಿಡಿ ಸಾಕಾದ್ದರಿಂದ ಪ್ರತಿ ದಿನ ಬೆಳಗ್ಗೆ ಕಟ್ಟುವವನೇ ನೋಡಬೇಕು. ನೆಲದ ಮೇಲೆ ಬಿಡದೆ ನೆರಳಿನಲ್ಲಿ ಮರದ ಗೂಟಕ್ಕೆ ನೇತುಹಾಕಿದರೆ ನೋಡುವುದೂ ಸುಲಭ, ಹುಡುಕುವುದೂ ಸುಲಭ.

ಬೇಡವೆಂದು ತೆಗೆದ ಬೆಲ್ಟನ್ನು ಹಾಗೇ ಮೂಲೆಗೆ ಎಸೆಯಬೇಡಿ. ನೈಟ್ ಶಿಫ್ಟಿನಲ್ಲಿ ಯಾರೋ ಅವಸರಕ್ಕೆ ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ. ಎರಡೂ ತುದಿಯ ಕಣ್ಣು ಕತ್ತರಿಸಿ, ನಡುವೆ ಒಂದು ಕಡೆ ತುಂಡು ಮಾಡಿ. ರೋಪನ್ನೂ ಚೈನನ್ನೂ ಗ್ಯಾಸ್ ಕಟರ್ ಹಿಡಿದು ಗಜ ಗಜಕ್ಕೆ ಕುಯ್ದು, ಆಮೇಲೆ ಗುಜರಿಗೆ ಕೊಡಿ.